ತೊಂಬತ್ತೇಳು ನಿಯಮ, ಒಂದು ತುತ್ತು

ಹೊಳೆಯ ದಂಡೆಯ ಮೇಲೆ ಹಾಲಯ್ಯಜ್ಜನ ಆಶ್ರಮ.

ಅಲ್ಲಿಯ ಕೊಪ್ಪರಿಗೆ ಎಷ್ಟು ದೊಡ್ಡದೆಂದರೆ, ಈ ಕಡೆ ಬೆಲ್ಲ ಹಾಕಿದರೆ ಆ ಕಡೆಯ ಹುಗ್ಗಿಗೆ ಸಿಹಿ ಮುಟ್ಟಲು ಮೂರು ದಿನ ಹಿಡಿಯುತ್ತಿತ್ತು. ನಡುವೆ ಏಲಕ್ಕಿ ಹಾಕಬೇಕಾದರೆ ಹರಿಗೋಲಿನಲ್ಲಿ ಹೋಗಬೇಕು. ಇದನ್ನು ನಂಬದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಇದ್ದವರಿಗೆ ಹುಗ್ಗಿ ಬಡಿಸುತ್ತಿರಲಿಲ್ಲ.

ಆ ಕೊಪ್ಪರಿಗೆಗೆ ಒಂದು ಹಿತ್ತಾಳೆಯ ಸೌಟು. ಅಜ್ಜ ಆ ಸೌಟನ್ನು ಯಾರ ಕೈಗೆ ಕೊಡುತ್ತಾರೋ ಅವನು ಅಂದಿನಿಂದ ಶಿಷ್ಯನಲ್ಲ, ಕಲಿಸುವವನು. ಅದು ಅಲ್ಲಿಯ ಪದ್ಧತಿ.

ರಾಚಯ್ಯ ಎಂಟು ವರ್ಷದಿಂದ ಆ ಸೌಟನ್ನು ತೊಳೆಯುತ್ತಿದ್ದ. ತಿಕ್ಕಿ ತಿಕ್ಕಿ ಅದರಲ್ಲಿ ತನ್ನ ಮುಖ ಕಾಣುವಂತೆ ಮಾಡಿದ್ದ. ದಿನಾ ನೋಡಿಕೊಳ್ಳುತ್ತಲೂ ಇದ್ದ.

ಒಂದು ದಿನ ಕೇಳಿಯೇಬಿಟ್ಟ.

"ಅಜ್ಜಾರ, ಸೌಟು ನನ್ನ ಕೈಗೆ ಯಾವಾಗ್ರಿ?"

"ಈಗೂ ನಿನ್ನ ಕೈಯಾಗ ಐತೆಲ್ಲೋ."

"ತೊಳ್ಯಾಕಲ್ರಿ. ಬಡಸಾಕ."

ಅಜ್ಜ ಬಾಗಿಲ ಕಡೆ ನೋಡಿದರು. ಹೊರಗೆ ಐವರು ಚೀಲ ಹೊತ್ತು ನಿಂತಿದ್ದರು. ಹೊಳೆಯಾಚೆಯ ಕಾಲೇಜಿಗೆ ಬೇರೆ ಬೇರೆ ದೇಶಗಳಿಂದ ಬಂದ ಮೊದಲ ವರ್ಷದ ವಿದ್ಯಾರ್ಥಿಗಳು. ಪಾಠ ಶುರುವಾಗಲು ಇನ್ನೂ ಒಂದು ತಿಂಗಳಿತ್ತು. ಅಷ್ಟರೊಳಗೆ ಇಲ್ಲಿಯ ಊಟ, ಇಲ್ಲಿಯ ರೀತಿ ಕಲಿತು ಬರಲಿ ಎಂದು ಕಾಲೇಜಿನವರು ಆಶ್ರಮಕ್ಕೆ ಕಳಿಸಿದ್ದರು.

"ಇವರಿಗೆ ನೀನ ಕಲಸು," ಎಂದರು ಅಜ್ಜ. "ಬರೋ ಹುಣ್ಣಿವಿ ದಾಸೋಹದಾಗ ಐದೂ ಮಂದಿ ಮನಿ ಮಕ್ಕಳಂಗ ಕುಂತು ಉಂಡರ, ಸೌಟು ನಿಂದು."

"ಹುಣ್ಣಿವಿ ತನಕ ಯಾಕ್ರಿ? ನಾ ಕಲಿಸಿದ್ರ ಹೊಳ್ಯಾಗಿನ ಮೀನೂ ವಾರದಾಗ ಎಲಿ ಹಾಕ್ಕೊಂಡು ಕುಂದ್ರತಾವ."

"ಮೀನು ಬ್ಯಾಡಪಾ. ಐದು ಮಂದಿ ಸಾಕು."

ರಾಚಯ್ಯ ಅಂದೇ ಕುಳಿತು ನಿಯಮ ಬರೆದ. ಒಟ್ಟು ತೊಂಬತ್ತೇಳಾದವು. ನೂರು ಮಾಡಬೇಕೆಂದು ಇನ್ನು ಮೂರಕ್ಕೆ ತಲೆ ಕೆರೆದುಕೊಂಡ. ಸಿಗಲಿಲ್ಲ.

"ಮೂರು ಕಮ್ಮಿ ಬಿದ್ದಾವ್ರಿ," ಎಂದ ಅಜ್ಜನ ಹತ್ತಿರ.

"ಯಾರ ಹತ್ರ ಅದಾವು?"

"ಯಾರ ಹತ್ರ ಇರತಾವ್ರಿ? ನನ್ನ ಹತ್ರನ ಇಲ್ಲ ಅಂದ್ರ."

ಅಜ್ಜ ಒಲೆಗೆ ಇನ್ನೊಂದು ಕಟ್ಟಿಗೆ ಒಡ್ಡಿದರು.

ಪಾಠ ನಡೆಯಿತು. ಮೊದಲನೇ ನಿಯಮ: ಬಾಯಲ್ಲಿ ತುತ್ತಿದ್ದಾಗ ಮಾತಿಲ್ಲ. ಹತ್ತನೇದು: ತಾಟಿನಲ್ಲಿ ಅಗಳು ಬಿಡುವಂತಿಲ್ಲ. ಇಪ್ಪತ್ತೆರಡನೇದು: ಪಂಕ್ತಿ ಮುಗಿಯದೆ ಏಳುವಂತಿಲ್ಲ. ನಲವತ್ತೊಂದನೇದು: ಒಬ್ಬರ ಎಂಜಲು ಇನ್ನೊಬ್ಬರಿಗೆ ಮುಟ್ಟುವಂತಿಲ್ಲ.

ಅಲ್ಲಿಗೆ ಬಂದಾಗ ಗಿರ್ಮಾ ಕೈ ಎತ್ತಿದ. ಇಥಿಯೋಪಿಯಾದ ಹುಡುಗ. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರಿಂದ ಪುಸ್ತಕದ ಹಾಗೆಯೇ ಮಾತಾಡುತ್ತಿದ್ದ.

"ಗುರುಗಳೇ, ಎಂಜಲು ಎಂದರೇನು?"

"ನಿನ್ನ ಬಾಯಿ ಮುಟ್ಟಿದ್ದು. ಬಾಯಿ ಮುಟ್ಟಿದ ಕೈ ಮುಟ್ಟಿದ್ದು. ಆ ಕೈ ಮುಟ್ಟಿದ ತಾಟು. ತಿಳೀತು?"

"ತಿಳಿಯಿತು. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ತಟ್ಟೆಯ ಸುತ್ತ ಕುಳಿತುಕೊಂಡು..."

"ನಿಮ್ಮನಿದು ಆಮ್ಯಾಲೆ ತಮ್ಮಾ. ಈಗ ನಲವತ್ತೆರಡನೇದು ಬರಕೋ."

ಇನ್ನೊಂದು ದಿನ ದೋಸೆ ಮಾಡಿದ್ದರು. ಗಿರ್ಮಾನ ಮುಖ ಅರಳಿತು.

"ಗುರುಗಳೇ, ನಮ್ಮ ಇಂಜೆರಾ ಇದರ ಅಣ್ಣನಂತೆ ಇರುತ್ತದೆ. ಅದನ್ನು ತಿನ್ನುವಾಗ ನಾವು ಮೊದಲು..."

"ತಿನ್ನುವಾಗ ಮಾತಿಲ್ಲ. ಎಷ್ಟನೇ ನಿಯಮ?"

"ಮೊದಲನೆಯದು."

"ಶಾಣ್ಯಾ."

ಆದರೂ ಹುಡುಗ ಕಲಿತ. ರೊಟ್ಟಿ ಬಡಿಯುವುದನ್ನು ಎಂಥಾ ಚೆನ್ನಾಗಿ ಕಲಿತನೆಂದರೆ, ಅವನು ಬಡಿದ ರೊಟ್ಟಿಯನ್ನು ಕಣ್ಣಿಗೆ ಹಿಡಿದರೆ ಹೊಳೆಯಾಚೆ ಯಾರ ಎಮ್ಮೆ ಮೇಯುತ್ತಿದೆ ಎಂದು ಹೇಳಬಹುದಿತ್ತು. ಉಳಿದ ನಾಲ್ವರೂ ಕಡಿಮೆಯವರಲ್ಲ. ತೊಂಬತ್ತೇಳನ್ನೂ ಹಿಂದಿನಿಂದ ಮುಂದಕ್ಕೆ ಹೇಳುತ್ತಿದ್ದರು.

"ಎಲ್ಲೀತನಕ ಬಂತು?" ಎಂದು ಕೇಳಿದರು ಅಜ್ಜ.

"ಎಲ್ಲಾ ಕಲ್ತಾರ್ರಿ."

"ನೀ ಏನು ಕಲ್ತಿ?"

"ನಾನ್ರಿ? ನಾ ಕಲಸಾಂವ್ರಿ!"

"ಹೌದಲ್ಲ," ಎಂದು ಅಜ್ಜ ಮೆಂತ್ಯೆ ಸೊಪ್ಪು ಸೋಸಲು ಕುಳಿತರು.

ಹುಣ್ಣಿಮೆ ಬಂತು. ಮಧ್ಯಾಹ್ನ ದಾಸೋಹ. ಒಂಬತ್ತು ಹಳ್ಳಿಯ ಜನ ನೆಲದ ಮೇಲೆ ಸಾಲಾಗಿ ಕುಳಿತರು. ಅವರ ನಡುವೆ ಈ ಐವರು. ರಾಚಯ್ಯನಿಗೂ ಅಜ್ಜ ಗಿರ್ಮಾನ ಪಕ್ಕದಲ್ಲೇ ತಾಟು ಹಾಕಿಸಿದರು.

ಒಬ್ಬರೂ ತಪ್ಪಲಿಲ್ಲ. ರೊಟ್ಟಿ ಮುರಿದರು, ಬದನೆಕಾಯಿ ಎಣ್ಣೆಗಾಯಿ ಹಚ್ಚಿಕೊಂಡರು, ಶೇಂಗಾ ಚಟ್ನಿಗೆ ಮೊಸರು ಬಿಟ್ಟುಕೊಂಡರು. ಆಚೆ ಸಾಲಿನ ಒಬ್ಬ ಮುದುಕ, "ಯಪ್ಪಾ, ನಮ್ಮ ಮೊಮ್ಮಕ್ಕಳಿಗಿಂತ ಛಲೋ ಉಣ್ಣಾಕತ್ತಾರ," ಎಂದ.

ರಾಚಯ್ಯನ ಎದೆ ಉಬ್ಬಿ ಪಕ್ಕದವನ ತಾಟಿಗೆ ತಾಗಿತು. ಅಜ್ಜನ ಕೈಯ ಸೌಟು ಹೊಳೆಯುತ್ತಿತ್ತು. ಇನ್ನು ಹುಗ್ಗಿ, ಮಜ್ಜಿಗೆ. ಆಮೇಲೆ ಸೌಟು.

ಆಗ ಗಿರ್ಮಾ ಒಂದು ರೊಟ್ಟಿ ಮುರಿದ. ಅದರಲ್ಲಿ ಬದನೆಕಾಯಿ ಇಟ್ಟು ಸುತ್ತಿದ. ರಾಚಯ್ಯನ ಕಡೆ ತಿರುಗಿ, ನಗುತ್ತ, ಅದನ್ನು ಅವನ ಬಾಯಿಯ ಹತ್ತಿರ ಹಿಡಿದ.

"ಏಯ್!" ರಾಚಯ್ಯ ಹಿಂದಕ್ಕೆ ಜಿಗಿದ. "ಎಂಜಲಾ! ನಲವತ್ತೊಂದನೇದು! ತೆಗಿ ಕೈ!"

ಕೈ ತಳ್ಳಿದ ರಭಸಕ್ಕೆ ತುತ್ತು ಮಣ್ಣಿಗೆ ಬಿತ್ತು.

ಒಂಬತ್ತು ಹಳ್ಳಿ ಒಮ್ಮೆಲೇ ಅಗಿಯುವುದನ್ನು ನಿಲ್ಲಿಸಿತು.

ಗಿರ್ಮಾ ಎದ್ದ. ಪಂಕ್ತಿ ಮುಗಿಯುವ ಮೊದಲೇ ಎದ್ದ. ಕೈ ತೊಳೆದು, ಒಳಗಿನಿಂದ ತನ್ನ ಚೀಲ ತಂದು, ಹೊಳೆಯ ಕಡೆ ನಡೆದ.

ಜನ ಉಂಡು ಹೋದರು. ರಾಚಯ್ಯ ಅಜ್ಜನ ಮುಂದೆ ಬಂದು ನಿಂತ.

"ಅಜ್ಜಾರ, ತಪ್ಪು ನಂದಲ್ರಿ. ನಾ ಕಲಿಸಿದ್ದೆ. ಐದು ಸಲ ಬರಿಸಿದ್ದೆ."

ಅಜ್ಜ ಮಣ್ಣಲ್ಲಿ ಬಿದ್ದ ತುತ್ತನ್ನು ನೋಡುತ್ತಿದ್ದರು.

"ಇದು ಯಾರದು?"

"ಅವಂದ್ರಿ."

"ಅವಂದಲ್ಲ. ಅಂವ ಕೊಟ್ಟಾಗೇತಿ."

"ಹಂಗಾರ ನಂದೇನ್ರಿ?"

"ನಿಂದೂ ಅಲ್ಲ. ನೀ ತಗೊಂಡಿಲ್ಲ."

"ಮತ್ತ ಯಾರದ್ರಿ?"

"ಕೇಳ್ಕೊಂಡು ಬಾ."

ಗಿರ್ಮಾ ದಂಡೆಯ ಮರಳಿನಲ್ಲಿ ಚೀಲದ ಮೇಲೆ ಕುಳಿತಿದ್ದ. ಹರಿಗೋಲು ಆಚೆ ದಂಡೆ ಬಿಟ್ಟಿತ್ತು.

"ಎಲ್ಲಿಗೋ ತಮ್ಮಾ?"

"ಮನೆಗೆ."

"ಕಾಲೇಜು?"

"ಕಾಲೇಜಿನಲ್ಲಿಯೂ ಊಟ ಮಾಡಬೇಕಲ್ಲವೇ? ನನಗೆ ನಿಮ್ಮ ಊಟ ಬಂದಿಲ್ಲ." ಅವನು ಚೀಲದಿಂದ ನಿಯಮದ ವಹಿ ತೆಗೆದು ಚಾಚಿದ. "ಇದು ನಿಮ್ಮದು."

ರಾಚಯ್ಯ ಅದನ್ನು ತೆಗೆದುಕೊಳ್ಳಲಿಲ್ಲ.

"ಅಜ್ಜಾರು ಒಂದು ಮಾತು ಕೇಳ್ಯಾರ. ಆ ತುತ್ತು ಯಾರದು?"

ಗಿರ್ಮಾ ವಹಿಯನ್ನು ಮರಳಿನ ಮೇಲಿಟ್ಟ.

"ನಮ್ಮಲ್ಲಿ ಅದಕ್ಕೆ ಗುರ್ಶಾ ಎನ್ನುತ್ತಾರೆ. ಯಾರ ಮೇಲೆ ಗೌರವವಿದೆಯೋ ಅವರ ಬಾಯಿಗೆ ನಮ್ಮ ಕೈಯಿಂದಲೇ ತುತ್ತು ಇಡುತ್ತೇವೆ. ಒಂದು ತಿಂಗಳು ನೀವು ನನಗೆ ಕಲಿಸಿದಿರಿ. ಕೊಡಲು ನನ್ನ ಹತ್ತಿರ ಬೇರೆ ಏನಿತ್ತು?"

"ಮೊದಲ ಹೇಳಬೇಕಿಲ್ಲೋ ಮಾರಾಯಾ?"

"ಎರಡು ಸಲ ಹೇಳಲು ಹೊರಟೆ. ಒಮ್ಮೆ ನಲವತ್ತೆರಡನೆಯದು ಬಂದಿತು. ಇನ್ನೊಮ್ಮೆ ಮೊದಲನೆಯದು."

ರಾಚಯ್ಯ ಸುಮ್ಮನಾದ. ಎಂಟು ವರ್ಷದಲ್ಲಿ ಅವನು ಸುಮ್ಮನಾದದ್ದು ಅದೇ ಮೊದಲು. ಏನೋ ಕೆಟ್ಟದ್ದಾಯಿತೆಂದು ಹೊಳೆಯ ಕಪ್ಪೆಗಳೂ ತಲೆ ಎತ್ತಿ ನೋಡಿದವು.

"ಬ್ಯಾಡ ಅಂದ್ರ ನಿಮ್ಮಲ್ಲಿ ಏನು ಅರ್ಥ?" ಎಂದು ಕೇಳಿದ.

"ನೀನು ನನ್ನವನಲ್ಲ ಎಂದು."

ರಾಚಯ್ಯ ಆಶ್ರಮಕ್ಕೆ ಓಡಿದ. ಅಡುಗೆಮನೆಯಿಂದ ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ ಹಾಕಿಕೊಂಡು ಅಷ್ಟೇ ಜೋರಾಗಿ ತಿರುಗಿ ಬಂದ. ತಾಟನ್ನು ಗಿರ್ಮಾನ ಮುಂದಿಟ್ಟು, ಎದುರಿಗೆ ಕಾಲು ಮಡಚಿ ಕುಳಿತು, ಬಾಯಿ ತೆರೆದ.

ಗಿರ್ಮಾ ನೋಡಿದ.

"ಗುರುಗಳೇ, ನಲವತ್ತೊಂದನೆಯ ನಿಯಮ?"

"ಅದು ಇರಲಿ. ನನಗ ತೊಂಬತ್ತೆಂಟನೇದು ಬೇಕು."

"ಅದು ಏನು?"

"ನನಗ ಗೊತ್ತಿಲ್ಲ ತಮ್ಮಾ. ನೀ ಹೇಳಬೇಕು."

ಹರಿಗೋಲು ದಂಡೆಗೆ ಹತ್ತಿತು. "ಯಾರ್ರೀ ಬರಾವ್ರು?" ಎಂದು ಅಂಬಿಗ ಕೂಗಿದ.

ಗಿರ್ಮಾ ರೊಟ್ಟಿ ಮುರಿಯುತ್ತಿದ್ದ.

"ತುತ್ತು ಚಿಕ್ಕದಾದರೆ ಪ್ರೀತಿಯೂ ಚಿಕ್ಕದು ಎಂದು ನಮ್ಮ ಅಮ್ಮ ಬೈಯುತ್ತಾಳೆ," ಎಂದ. ಒಂದು ಇಡೀ ಬದನೆಕಾಯಿಯನ್ನು ಅರ್ಧ ರೊಟ್ಟಿಯಲ್ಲಿ ಸುತ್ತಿದ. "ಬಾಯಿ ಇನ್ನೂ ದೊಡ್ಡದು ಮಾಡಿರಿ."

ತುತ್ತು ಒಳಗೆ ಹೋಯಿತು. ರಾಚಯ್ಯನ ಎರಡೂ ಗಲ್ಲ ಉಬ್ಬಿದವು. ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಏನೋ, ಕೇಳುವ ಹಾಗಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ.

"ಬರ್ತೀರೋ ಇಲ್ಲೋ?" ಎಂದ ಅಂಬಿಗ.

"ನೀವು ಹೋಗಿರಿ," ಎಂದು ಗಿರ್ಮಾ ಎಣ್ಣೆಗಾಯಿ ಹತ್ತಿದ ಕೈ ಬೀಸಿ, ಇನ್ನೊಂದು ರೊಟ್ಟಿ ಮುರಿದ.

ಹಿಂದೆ ಮರಳಲ್ಲಿ ಹೆಜ್ಜೆ ಸಪ್ಪಳವಾಯಿತು. ಅಜ್ಜ ಬಂದಿದ್ದರು. ಕೈಯಲ್ಲಿ ಸೌಟು. ಅದನ್ನು ಇಬ್ಬರ ನಡುವೆ ಮರಳಿಗೆ ಊರಿ ನಿಲ್ಲಿಸಿ, ತಾವೂ ಕುಳಿತರು.

ರಾಚಯ್ಯ ಸೌಟನ್ನು ನೋಡಿದ. ಅಜ್ಜನನ್ನು ನೋಡಿದ. ಕೈಯನ್ನು ಅರ್ಧ ಮುಂದೆ ಚಾಚಿ, ತುಂಬಿದ ಬಾಯಿಂದಲೇ ಏನೋ ಕೇಳಲು ಹೋದ.

"ಮೊದ್ಲ ನುಂಗಪಾ ರಾಚಯ್ಯ," ಎಂದರು ಅಜ್ಜ. "ಎರಡನೇ ತುತ್ತು ಬರಾಕತ್ತೇತಿ."