ಸೊಂಟ ತಿರುಗಿದ ಗಳಿಗೆ

"ಗುರುಗಳೇ, ಕುಸ್ತಿಯಲ್ಲಿರುವ ಸೂತ್ರವೇ ದೊಣ್ಣೆವರಸೆಯಲ್ಲೂ ಇದೆಯಲ್ಲ? ಒಂದನ್ನು ಬಲ್ಲವನು ಇನ್ನೊಂದನ್ನು ಮೊದಲಿನಿಂದ ಏಕೆ ಕಲಿಯಬೇಕು?" ಎಂದು ಕುಸ್ತಿ ಬಲ್ಲ ಬೊಮ್ಮಣ್ಣನೆಂಬ ಶಿಷ್ಯ ಕೇಳಿದ.

ಗುರುಗಳು ದೊಣ್ಣೆಯನ್ನು ಕೆಳಗಿಟ್ಟು ಕುಳಿತು ಹೇಳಿದರು:

ಒಬ್ಬ ಜಟ್ಟಿ ಇದ್ದ. ಗರಡಿಯ ಮಣ್ಣಿನಲ್ಲೇ ಬೆಳೆದವನು. ಸುತ್ತಿನ ಊರುಗಳಲ್ಲಿ ಅವನನ್ನು ಚಿತ್ ಮಾಡುವವರು ಉಳಿಯಲಿಲ್ಲ. ಕತ್ತಿವರಸೆಯನ್ನೂ ಕಲಿಯುವ ಆಸೆಯಾಗಿ ಅವನು ಹೊಳೆಯಾಚೆಯ ಗುರುವೊಬ್ಬರ ಬಳಿಗೆ ಹೋದ.

ಕಲಿಯುತ್ತಿರುವಾಗ ಅವನಿಗೊಂದು ಗುಟ್ಟು ಹೊಳೆಯಿತು. ಕುಸ್ತಿಯಲ್ಲಿ ಎದುರಾಳಿಯ ಕೈಯನ್ನು ನಂಬಬಾರದು. ಕೈ ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ. ಕತ್ತಿ ಹಿಡಿದವನೂ ಹಾಗೆಯೇ. ಏಟು ಹೊರಡುವ ಮೊದಲು ಸೊಂಟ ತಿರುಗುತ್ತದೆ, ಮೈಭಾರ ಒಂದು ಕಾಲಿಗೆ ಇಳಿಯುತ್ತದೆ. ಇದನ್ನು ಕಂಡ ದಿನ ಜಟ್ಟಿಗೆ ಊಟ ಸೇರಲಿಲ್ಲ, ಅಷ್ಟು ಹಿಗ್ಗು. ಆಮೇಲೆ ಗುರುಗಳು ಯಾವ ವರಸೆ ತೋರಿಸಿದರೂ, ಅದು ಮುಗಿಯುವ ಮೊದಲೇ "ಇದು ನಮ್ಮ ಗರಡಿಯಲ್ಲೂ ಉಂಟು" ಎನ್ನತೊಡಗಿದ. ಅವರು ತಿದ್ದಿ ನೋಡಿದರು. ಕೊನೆಗೆ ತಿದ್ದುವುದನ್ನು ಬಿಟ್ಟರು.

ಮುಂದೆ ಜಟ್ಟಿ ಒಬ್ಬ ವ್ಯಾಪಾರಿಗೆ ಬೆಂಗಾವಲಾಗಿ ಕಾಡುದಾರಿಯಲ್ಲಿ ಹೊರಟ. ಕಳ್ಳನೊಬ್ಬ ಕತ್ತಿ ಹಿರಿದು ಅಡ್ಡ ಬಂದ. ಜಟ್ಟಿ ತಾನೂ ಕತ್ತಿ ಹಿರಿದು ಅವನ ಸೊಂಟವನ್ನೇ ನೋಡುತ್ತ ನಿಂತ. ಸೊಂಟ ತಿರುಗಿತು. ಆ ಗಳಿಗೆಯನ್ನು ಜಟ್ಟಿ ಸರಿಯಾಗಿಯೇ ಹಿಡಿದ. ಆದರೆ ಅವನ ಕಾಲು, ಪಟ್ಟು ಹಾಕುವವನ ಕಾಲು, ತಾನಾಗಿ ಒಳಕ್ಕೆ ನುಗ್ಗಿತು. ಕತ್ತಿ ಬರುತ್ತಿದ್ದುದು ಅಲ್ಲಿಗೇ. ಹಿಂದೆ ಬರುತ್ತಿದ್ದ ವ್ಯಾಪಾರಿಯ ಗಾಡಿಯವರು ಕೂಗಿಕೊಂಡು ಓಡಿಬಂದದ್ದರಿಂದ ಕಳ್ಳ ಓಡಿದ. ಜಟ್ಟಿಯ ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ.

ಗಾಯ ಮಾಯ್ದ ಮೇಲೆ ಅವನು ಕತ್ತಿಯ ಗುರುಗಳ ಮುಂದೆ ಹೋಗಿ ನಿಂತ. "ನಾನು ಕಂಡದ್ದು ತಪ್ಪೇ?" ಎಂದು ಕೇಳಿದ.

"ತಪ್ಪಲ್ಲ. ಸೊಂಟ ತಿರುಗುವವರೆಗೆ ಎರಡು ವಿದ್ಯೆಯೂ ಒಂದೇ. ಅಲ್ಲಿಂದ ಮುಂದೆ ಜಟ್ಟಿ ಒಳಗೆ ಬರಬೇಕು, ಕತ್ತಿಯವನು ಓರೆಗೆ ಸರಿಯಬೇಕು. ದಿನವೂ ಅದನ್ನೇ ತೋರಿಸಿದೆನಪ್ಪ."

ಜಟ್ಟಿ ಕತ್ತಿಯನ್ನು ಎಡಗೈಯಲ್ಲಿ ಹಿಡಿದು ಹೊಸಬರ ಸಾಲಿಗೆ ಹೋಗಿ ಸೇರಿದ. ಎಡಗೈಗೆ ಏನೂ ತಿಳಿಯದು. ಹಾಗಾಗಿ ಈ ಸಲ ಅವನು ಪ್ರತಿಯೊಂದು ವರಸೆಯನ್ನೂ ಕೊನೆಯವರೆಗೆ ನೋಡಿದ. ಕಾಲಾಂತರದಲ್ಲಿ ಒಳ್ಳೆಯ ಕತ್ತಿಯಾಳಾದ. ಗರಡಿಯ ಮಣ್ಣಿಗೆ ಮಾತ್ರ ಮತ್ತೆ ಇಳಿಯಲಾಗಲಿಲ್ಲ.

ಕತೆ ಮುಗಿಯಿತು. ಬೊಮ್ಮಣ್ಣ, "ಹಾಗಾದರೆ ಎರಡರಲ್ಲೂ ಒಂದೇ ಸೂತ್ರವನ್ನು ಕಾಣುವುದು ದೋಷವೇ?" ಎಂದ.

ಗುರುಗಳು ಹೇಳಿದರು: "ಕಾಣುವುದು ದೋಷವಲ್ಲ ಮಗು, ಕಂಡ ದಿನದಿಂದ ನೀನು ನನ್ನ ಹೆಜ್ಜೆ ನೋಡುವುದನ್ನು ಬಿಟ್ಟಿದ್ದೀಯ."