ಕೆಂಪು ಪೆನ್ನು ಎಳೆದ ಗೆರೆಗಳು

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಲೋಬೋ ಮೇಷ್ಟ್ರ ಮೇಜಿನ ಮೇಲೆ ಕೆಂಪು ಪೆನ್ನಿಗೂ ಪೆನ್ಸಿಲಿಗೂ ಪಂದ್ಯ ಬಿತ್ತು. ಇಂಗ್ಲಿಷ್ ಮಾದರಿ ಉತ್ತರದಲ್ಲಿ ಇನ್ಫಿನಿಟಿವ್‌ಗಳಿಗೆ, ಅಂದರೆ ಕ್ರಿಯಾಪದದ ಮೂಲರೂಪಗಳಿಗೆ, ಸರಿಯಾಗಿ ಗೆರೆ ಎಳೆದವರಿಗೆ ಮೇಷ್ಟ್ರ ಜೇಬು. ಸೋತವರಿಗೆ ಕತ್ತಲೆಯ ಡ್ರಾಯರು.

“‘ಟು’ ಅನ್ನೋ ಪೇಟ ಸುತ್ತಿದವರೆಲ್ಲ ಇನ್ಫಿನಿಟಿವ್! ಇದಕ್ಕೂ ತಲೆ ಬೇಕೇ?” ಎಂದು ಪೆನ್ನು ಕುಣಿಯುತ್ತ ಹೊರಟಿತು.

“ಅಣ್ಣಾ, ನಾನು ಬರೀ ಊರು!” ಎಂದು ‘ಟು ಮೈಸೂರು’ ಕಿರುಚಿತು.

“ಪೇಟ ಇದೆಯಲ್ಲ, ಸುಮ್ಮನಿರು!” ಪೆನ್ನು ಅದಕ್ಕೂ ಗೆರೆ ಎಳೆಯಿತು.

“ನಾನು ಇನ್ಫಿನಿಟಿವ್ವೇ! ‘ಲೆಟ್’ ಜೊತೆ ಬರುವಾಗ ನಮ್ಮವರು ಪೇಟ ಸುತ್ತೋದಿಲ್ಲ,” ಎಂದು ‘ಗೋ’ ಅಂಗಲಾಚಿತು.

“ಸುತ್ತಿಕೊಂಡು ಬಾ, ಆಮೇಲೆ ಮಾತು!”

ಪೆನ್ಸಿಲು ಮಾತ್ರ ಪ್ರತಿ ಪದದ ಮುಂದೆ ನಿಂತು, “ತಮ್ಮ ಕೆಲಸವೇನು ಸ್ವಾಮಿ?” ಎಂದು ವಿಚಾರಿಸಿ ತೆಳುವಾಗಿ ಗೆರೆ ಎಳೆಯಿತು. ಎಡವಿದಲ್ಲಿ ಬಾಲದ ರಬ್ಬರಿನಿಂದ ಉಜ್ಜಿಕೊಂಡಿತು.

ಅದನ್ನು ಕಂಡು ಪೆನ್ನಿಗೆ ದಿಗಿಲಾಯಿತು. “ನನ್ನದನ್ನೂ ಒಂಚೂರು ಉಜ್ಜು ಮಾರಾಯ!”

ರಬ್ಬರು ಬೆವರು ಸುರಿಸಿ ಉಜ್ಜಿತು. ಹಾಳೆ ಸವೆಯಿತು, ಕೆಂಪು ಹೋಗಲಿಲ್ಲ.

ಮೇಷ್ಟ್ರು ಬಂದು ಹಾಳೆ ನೋಡಿ ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿಕೊಂಡರು. ಹಾಳೆಯಲ್ಲಿ ಉಳಿದ ತಪ್ಪು ಗೆರೆಗಳು ಏಳು, ಏಳೂ ಕೆಂಪು.