ಕೆಲವರ ಪ್ರಕಾರ

ನದಿಯ ದಂಡೆಯ ಆಶ್ರಮವೊಂದರಲ್ಲಿ ರಾಚಯ್ಯನವರೆಂಬ ಹಿರಿಯರಿದ್ದರು. ಲೈಬ್ರರಿಯ ಕೆಲಸದಿಂದ ನಿವೃತ್ತರಾಗಿ ಅಲ್ಲಿ ಬಂದು ನೆಲೆಸಿದವರು. ಅಂತರ್ಜಾಲದಲ್ಲಿ ಕನ್ನಡದ ವಿಶ್ವಕೋಶವೊಂದಿತ್ತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಹದಿನೈದು ವರ್ಷ ಅದನ್ನು ಕಾದವರು ಅವರು. ಅದರ ನಿಯಮಗಳಲ್ಲಿ ಅರ್ಧದಷ್ಟು ಅವರೇ ಬರೆದದ್ದು.

ತಿದ್ದುವವರ ನಡುವಿನ ಜಗಳ ಬಿಡಿಸುವುದನ್ನು ಅವರಿಂದ ಕಲಿಯಲು ತ್ರಿಯಂಬಕನೆಂಬ ಶಿಷ್ಯ ಬಂದಿದ್ದ.

ಒಂದು ಬೆಳಗ್ಗೆ ಅವನು ಹಿಗ್ಗಿನಿಂದ ಬಂದು ಗುರುಗಳ ಎದುರು ಕೂತ.

"ಮೂರು ವಾರದ ಜಗಳ ಮುಗಿಸಿದೆ ಗುರುಗಳೇ."

"ಯಾರು ಗೆದ್ದರು?"

"ನಿಯಮ ಗೆದ್ದಿತು."

"ಯಾರು ಸೋತರು?"

ಅದನ್ನು ತ್ರಿಯಂಬಕ ಯೋಚಿಸಿರಲಿಲ್ಲ.

ಜಗಳ ಒಂದು ಹಳೆಯ ಕಂಪನಿ ನಾಟಕದ ಬಗ್ಗೆ. ನಾಟಕದ ಹೆಸರು 'ಬಂಜೆಯ ಬಾಗಿನ'. ಬರೆದವರು ಕಂಪನಿಯ ಮಾಲಕ ಹುಚ್ಚೀರಪ್ಪ ಮಾಸ್ತರ ಎಂದು ವಿಶ್ವಕೋಶದಲ್ಲಿತ್ತು. ಯಾರೋ ಒಬ್ಬರು ದಿನಾ ಬಂದು ಆ ಹೆಸರು ಅಳಿಸಿ 'ಶೇವಂತಿಬಾಯಿ' ಎಂದು ಬರೆಯುತ್ತಿದ್ದರು. ತ್ರಿಯಂಬಕ ದಿನಾ ಅದನ್ನು ಅಳಿಸಿ ಮೊದಲಿನಂತೆ ಮಾಡುತ್ತಿದ್ದ.

"ಆಧಾರ ಕೊಡಿ ಅಂತ ಹತ್ತೊಂಬತ್ತು ಸಲ ಕೇಳಿದೆ. ಕೊನೆಗೆ 'ನಾನೇ ಬರೆದದ್ದು' ಅಂತ ಉತ್ತರ ಬಂತು. ತಾನೇ ತನಗೆ ಸಾಕ್ಷಿಯಾಗಲು ಬರುವುದಿಲ್ಲ ಅಂತ ಹೇಳಿ, ಇನ್ನು ಮುಂದೆ ತಿದ್ದದ ಹಾಗೆ ಖಾತೆಯನ್ನೇ ಬಂದ್ ಮಾಡಿದೆ."

"ಆಕೆ ಯಾರು ಅಂತ ವಿಚಾರಿಸಿದೆಯಾ?"

"ಮನುಷ್ಯರನ್ನು ನೋಡಬೇಡ, ಆಧಾರವನ್ನು ನೋಡು ಅಂತ ನೀವೇ ಹೇಳಿಕೊಟ್ಟದ್ದು."

"ಹೌದು, ನಾನೇ." ಗುರುಗಳು ಹೊಳೆಯ ಕಡೆ ತಿರುಗಿದರು. "ನಿನ್ನ ಆಧಾರ ಯಾವುದು?"

"ಪುಸ್ತಕ ಇದೆ. 'ರಂಗದ ದೀಪಗಳು'. ಶ್ರೀಪ್ರಿಯ ಅನ್ನುವವರು ಬರೆದದ್ದು. ಅರವತ್ತೆರಡನೇ ಪುಟ."

ಗುರುಗಳು ಎದ್ದು ನಿಂತರು.

"ಹೋಗಿ ಆಕೆಯನ್ನು ಕಂಡು ಬಾ."

"ಯಾಕೆ ಗುರುಗಳೇ?"

"ನೀನು ಸೋಲಿಸಿದವರ ಮುಖ ನಿನಗೆ ಗೊತ್ತಿರಲಿ."

ತ್ರಿಯಂಬಕ ಹಳೆಯ ಕಲಾವಿದರನ್ನು ಕೇಳುತ್ತ ಕೇಳುತ್ತ ನಾಲ್ಕನೆಯ ದಿನ ಆಕೆಯ ಮನೆ ಮುಟ್ಟಿದ. ಒಂದೇ ಕೋಣೆಯ ಬಾಡಿಗೆ ಮನೆ. ಎಂಬತ್ತೆರಡು ವರ್ಷದ ಶೇವಂತಿಬಾಯಿ ಮಂಚದ ಮೇಲೆ ಕೂತು, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಬೆರಳಲ್ಲಿ ಏನೋ ಒತ್ತುತ್ತಿದ್ದಳು. ತ್ರಿಯಂಬಕ ತಾನು ಯಾರೆಂದು ಹೇಳಿದ.

"ನೀವ ಏನ್ರಿ ನನ್ನ ಹೊರಗ ಹಾಕಿದವರು?"

ಅವನು ತಲೆ ತಗ್ಗಿಸಿದ.

"ಕೂಡ್ರಿ. ಚಾ ಮಾಡ್ತೇನಿ."

ಚಹಾ ಕೊಟ್ಟು ಆಕೆ ಕೇಳಿದಳು. "ನಾಟಕ ನೋಡೀರೇನು?"

"ಓದಿದ್ದೇನೆ. ಕೊನೆಗೆ ಬಂಜೆ ಬಾವಿಗೆ ಹಾರುತ್ತಾಳೆ."

"ನಾ ಬರದದ್ದರಾಗ ಹಾರೂದಿಲ್ರಿ ಆಕಿ. ಬಾಗಿನದ ಮೊರಾನ ಬಾವಿಗೆ ಒಗದು, ಕೈಯಾಗಿನ ಬಳಿ ಸಪ್ಪಳ ಮಾಡಿಕೋತ ಊರ ಬಿಟ್ಟು ಹೊಕ್ಕಾಳ." ಆಕೆ ಕೂತಲ್ಲೇ ಆ ಕೊನೆಯ ಮಾತುಗಳನ್ನು ಆಡಿ ತೋರಿಸಿದಳು. ದನಿ ಸಣ್ಣದಾಗಿತ್ತು, ಆದರೆ ಒಂದು ಶಬ್ದವೂ ತಪ್ಪಲಿಲ್ಲ. "ಮಂದಿ ಅಳಬೇಕು ಅಂದ ಮಾಸ್ತರ. ಬಾವಿಗೆ ಹಾಕಿದ. ನಂದ ಪಾರ್ಟು ಅದು. ಮುನ್ನೂರು ಸಲ ಬಿದ್ದೇನಿ."

ತ್ರಿಯಂಬಕನಿಗೆ ಅನುಮಾನ ಉಳಿಯಲಿಲ್ಲ. ಆದರೂ ಬಾಯಿಗೆ ರೂಢಿಯಾದ ಮಾತು ಬಂದೇ ಬಿಟ್ಟಿತು.

"ಅಮ್ಮಾ, ಏನಾದರೂ ಆಧಾರ ಇದೆಯಾ? ಕೈಬರಹದ ಪ್ರತಿ?"

"ಎಲ್ಲಾ ಮಾಸ್ತರನ ಟ್ರಂಕಿನ್ಯಾಗ ಹೋದ್ವು. ಬರದ ಕೈ ಐತಿ ನೋಡ್ರಿ. ತೋರಸಲೇನು?"

ಅವನು ಹೊರಡಲು ಎದ್ದಾಗ ಆಕೆ ತಡೆದಳು.

"ಹೋಗ್ಲಿ, ನನ್ನ ಹೆಸರು ಬ್ಯಾಡ. ಅವನ ಹೆಸರರೆ ತೆಗೀರಿ. ಯಾರೂ ಬರದಿಲ್ಲ ಅಂತ ಇರ್ಲಿ."

ಆಶ್ರಮಕ್ಕೆ ಮರಳಿದವನೇ ತ್ರಿಯಂಬಕ ಆಕೆಯ ಖಾತೆಯನ್ನು ತೆರೆದ. ಆದರೆ ಆಕೆ ಮತ್ತೆ ತಿದ್ದಲು ಬರಲಿಲ್ಲ.

"ಬರೆದದ್ದು ಆಕೆಯೇ ಗುರುಗಳೇ. ಆದರೆ ಕಂಡವರು ಒಬ್ಬರೂ ಇಲ್ಲ. ಆ ಶ್ರೀಪ್ರಿಯ ಬದುಕಿದ್ದಾರೋ ಇಲ್ಲವೋ. ಇದ್ದರೆ ಕೇಳಬಹುದಿತ್ತು."

"ಕೇಳು," ಎಂದರು ರಾಚಯ್ಯನವರು.

ಅವನಿಗೆ ಅರ್ಥವಾಗಲಿಲ್ಲ.

"ಕಥೆ ಕವನಕ್ಕೆಲ್ಲ ಆಗ ಆ ಹೆಸರು ಇಟ್ಟುಕೊಂಡಿದ್ದೆ. ಇಪ್ಪತ್ತೆಂಟರ ವಯಸ್ಸು. ಪುಸ್ತಕ ಬರೆಯಬೇಕೆಂದು ಆ ಕಂಪನಿಯ ಹಿಂದೆ ಎರಡು ತಿಂಗಳು ತಿರುಗಿದೆ. ಆಕೆ ಪರದೆಯ ಪಕ್ಕದಲ್ಲಿ ಕೂತು, ಒಂದು ಪ್ರವೇಶ ಮುಗಿದು ಇನ್ನೊಂದು ಬರುವುದರೊಳಗೆ ಹ್ಯಾಂಡ್‌ಬಿಲ್ಲಿನ ಹಿಂಬದಿಯಲ್ಲಿ ಬರೆಯುತ್ತಿದ್ದಳು. ಮುಖದ ಬಣ್ಣ ಬೆವರಿಗೆ ಕರಗಿ ಕಾಗದಕ್ಕೆ ತಾಗುತ್ತಿತ್ತು. ಮರುದಿನ ಅದೇ ಮಾತುಗಳನ್ನು ಮಾಸ್ತರರು ಎಲ್ಲರಿಗೂ ಕಲಿಸುತ್ತಿದ್ದರು."

"ಮತ್ತೆ ಪುಸ್ತಕದಲ್ಲಿ?"

"ಬರೆದವರು ಯಾರು ಅಂತ ಹಾಕಲಿ ಎಂದು ಮಾಸ್ತರರನ್ನು ಕೇಳಿದೆ. 'ನಂದ ಹಾಕ್ರಿ, ಮತ್ತ ಯಾರದು?' ಅಂದರು. ಪುಸ್ತಕಕ್ಕೆ ಬೇಕಾದ ಫೋಟೋಗಳೆಲ್ಲ ಅವರ ಹತ್ತಿರ ಇದ್ದವು."

ತ್ರಿಯಂಬಕನ ದನಿ ಗಡುಸಾಯಿತು.

"ಪುಸ್ತಕದ ಹೆಸರು ಹೇಳಿದ ದಿನವೇ ನಿಮಗೆ ಗೊತ್ತಿತ್ತು. ಆದರೂ ನನ್ನನ್ನು ಸುಮ್ಮನೆ ಕಳಿಸಿದಿರಿ."

"ಅರವತ್ತೆರಡನೇ ಪುಟವನ್ನು ನೀನು ನಂಬಿದ್ದೆ. ನನ್ನ ಬಾಯಿಮಾತನ್ನು ನಂಬುತ್ತಿದ್ದೆಯಾ?"

"ಈಗಲಾದರೂ ಬರೆಯಿರಿ. ನಿಮ್ಮ ನಿಜವಾದ ಹೆಸರಿನಲ್ಲಿ ಬರೆಯಿರಿ. ಅಚ್ಚಾಗಲಿ."

ರಾಚಯ್ಯನವರು ಅಂದೇ ಬರೆದರು. ಒಂದು ಮಾಸಪತ್ರಿಕೆ ಅದನ್ನು ಓದುಗರ ಓಲೆಗಳ ನಡುವೆ, ಅರ್ಧಕ್ಕೆ ಇಳಿಸಿ ಅಚ್ಚು ಹಾಕಿತು.

ತ್ರಿಯಂಬಕ ಆ ಪತ್ರವನ್ನು ಆಧಾರವಾಗಿ ಕೊಟ್ಟು ಮಾಸ್ತರರ ಹೆಸರು ತೆಗೆದು ಶೇವಂತಿಬಾಯಿಯ ಹೆಸರು ಬರೆದ.

ಒಂದು ಗಂಟೆಯೊಳಗೆ ಅದು ಅಳಿಸಿಹೋಯಿತು. ಅಳಿಸಿದವನು ಬೇರೆ ಊರಿನಲ್ಲಿದ್ದ ಇನ್ನೊಬ್ಬ ಸಂಪಾದಕ. ಅವನೂ ರಾಚಯ್ಯನವರ ಬಳಿಯೇ ಕಲಿತವನು. ಕಾರಣವನ್ನು ವಿನಯದಿಂದಲೇ ಬರೆದಿದ್ದ: "ಪುಸ್ತಕ ಆಧಾರ. ವಾಚಕರ ಪತ್ರ ಆಧಾರವಲ್ಲ. ಪತ್ರ ಬರೆದವರು ನಮ್ಮ ಗುರುಗಳೆಂಬುದಕ್ಕೆ ವಿನಾಯಿತಿ ಕೊಡಲಾಗದು. ನಿಯಮ ಏಳು."

ಏಳನೆಯ ನಿಯಮವನ್ನು ಬರೆದವರು ರಾಚಯ್ಯನವರು.

ಹನ್ನೊಂದು ದಿನ ಚರ್ಚೆ ನಡೆಯಿತು. ಪತ್ರ ಬರೆದವರು ಚರ್ಚೆಯಲ್ಲಿ ಮಾತಾಡುವಂತಿರಲಿಲ್ಲ. ರಾಚಯ್ಯನವರು ಒಂದು ಮೂಲೆಯಲ್ಲಿ ಕೂತು ತಮ್ಮ ನಿಯಮಗಳನ್ನು ಇತರರು ಒಂದೊಂದಾಗಿ ತಮ್ಮ ಮೇಲೆಯೇ ಹೇರುವುದನ್ನು ಓದಿದರು. ತ್ರಿಯಂಬಕ ಒಬ್ಬನೇ ಕಾದಾಡಿದ. ಕೊನೆಗೆ ಎಲ್ಲರೂ ದಣಿದರು. ಒಂದು ಸಾಲಿಗೆ ಒಪ್ಪಿಗೆಯಾಯಿತು.

'ಈ ನಾಟಕವನ್ನು ಹುಚ್ಚೀರಪ್ಪ ಮಾಸ್ತರ ರಚಿಸಿದರು. ಕೆಲವರ ಪ್ರಕಾರ ಇದರಲ್ಲಿ ನಟಿ ಶೇವಂತಿಬಾಯಿಯವರ ಪಾಲೂ ಇದೆ.'

"ಇಷ್ಟಾದರೂ ಆಯಿತಲ್ಲ ಗುರುಗಳೇ," ಎಂದ ತ್ರಿಯಂಬಕ.

"ಹೋಗಿ ಆಕೆಗೆ ಓದಿ ಹೇಳು."

"ನೀವೂ ಬನ್ನಿ."

ರಾಚಯ್ಯನವರು ಊರುಗೋಲಿಗೆ ಕೈ ಹಾಕಿದರು. ಬಾಗಿಲ ತನಕ ಬಂದರು. ಅಲ್ಲಿಂದಲೇ ಹಿಂದಿರುಗಿ ಚಾಪೆಯ ಮೇಲೆ ಕೂತುಬಿಟ್ಟರು.

ತ್ರಿಯಂಬಕ ಒಬ್ಬನೇ ಹೋದ. ಮರುದಿನ ಸಂಜೆ ಬಂದ. ಗುರುಗಳು ದಂಡೆಯ ಮೇಲಿದ್ದರು. ಅವನು ಪಕ್ಕದಲ್ಲಿ ಕೂರಲಿಲ್ಲ, ನಿಂತೇ ಇದ್ದ.

"ಓದಿದೆಯಾ?"

"ಓದಿದೆ. ಇನ್ನೊಂದು ಸಲ ಓದು ಅಂದಳು. ಓದಿದೆ."

"ಸಿಟ್ಟು ಮಾಡಿದಳಾ?"

"ಇಲ್ಲ. ಚಹಾ ಮಾಡಲು ಎದ್ದಳು. ಮಾಡಲಿಲ್ಲ, ಒಲೆಯ ಹತ್ತಿರ ಹಾಗೇ ನಿಂತಳು. ನಿಮ್ಮನ್ನು ಒಂದು ಮಾತು ಕೇಳಿಕೊಂಡು ಬಾ ಅಂದಳು."

"ಏನಂತೆ?"

"'ಕೆಲವರು, ಕೆಲವರು ಅಂತೀರಲ್ಲ, ಅವರು ಯಾರ್ರಿ?' ಅಂತ."

ಹೊಳೆಯ ಮೇಲಿನ ಬೆಳಕು ಇನ್ನೂ ಆರಿರಲಿಲ್ಲ. ರಾಚಯ್ಯನವರು ಶಿಷ್ಯನ ಮುಖ ನೋಡಲಿಲ್ಲ.

"'ನೀನು ಬರೆಯುವುದನ್ನು ಕಣ್ಣಾರೆ ಕಂಡು ಸುಮ್ಮನಿದ್ದವರು' ಅಂತ ಆಕೆಗೆ ಹೇಳು."